ಶೀಟ್ ಫಿಲಂ ಕಡಿಮೆಯಾಗುತ್ತಿದೆ: ಯಾವುದು ಉಳಿದಿದೆ, ನಾವು ಯಾವುದನ್ನು ಕೊಳ್ಳಬೇಕು?

ನೆರಳುಬೆಳಕು, ಮೈಸೂರು

ಎಲ್ಲರಿಗೂ ನಮಸ್ಕಾರ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಫೋಕಸ್ ಮಾಡುವ ದೊಡ್ಡ ಕ್ಯಾಮೆರಾ ಬಳಸುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಜನ. ಹಾಗಾಗಿ ಈ ಮಾತನ್ನು ನಾವೇ ಆಡಿಕೊಳ್ಳಬೇಕು. 35 ಎಂಎಂ ರೋಲ್‌ಗೆ ಮತ್ತೆ ಬೇಡಿಕೆ ಬಂದಿದೆ, ಕಾಲೇಜು ಹುಡುಗರೂ ಕೊಳ್ಳುತ್ತಿದ್ದಾರೆ, ಸಂತೋಷ. ಆದರೆ ರೋಲ್ ವಾಪಸ್ ಬಂದರೆ ಶೀಟ್, ಅಂದರೆ ನಮ್ಮ ದೊಡ್ಡ ಕ್ಯಾಮೆರಾಕ್ಕೆ ಬಿಡಿ ಹಾಳೆಯಾಗಿ ಬರುವ ಫಿಲಂ, ಕೂಡ ಬರುತ್ತದೆ ಅಂದುಕೊಳ್ಳಬೇಡಿ.

ನನಗೆ ಜಾಸ್ತಿ ನೋವಾದದ್ದು ಫ್ಯೂಜಿ ಆಕ್ರೋಸ್ 100 ಹೋದಾಗ. 2018ರಲ್ಲಿ ನಿಲ್ಲಿಸುತ್ತೇವೆ ಅಂದರು. ಮರುವರ್ಷವೇ ಆಕ್ರೋಸ್ 2 ಅಂತ ಬಂತು, ಆದರೆ 35 ಎಂಎಂ ಮತ್ತು ಅದಕ್ಕಿಂತ ಅಗಲದ 120 ರೋಲ್‌ನಲ್ಲಿ ಮಾತ್ರ. 4×5 ಇಂಚಿನ ಹಾಳೆ ಬರಲೇ ಇಲ್ಲ. ಆ ಫಿಲಂ ಯಾಕೆ ಮುಖ್ಯ ಅಂದರೆ, ಹೊಯ್ಸಳ ದೇವಸ್ಥಾನದ ನವರಂಗದೊಳಗೆ ಲೆನ್ಸಿನ ಕಿಂಡಿಯನ್ನು ಎಫ್/32ಕ್ಕೆ ಕಿರಿದು ಮಾಡಿ ನಿಮಿಷಗಟ್ಟಲೆ ಶಟರ್ ತೆರೆದಿಡಬೇಕಾಗುತ್ತದೆ. ಬೇರೆ ಫಿಲಂಗಳು ಅಷ್ಟು ಹೊತ್ತಿಗೆ ಸೋಲುತ್ತವೆ, ಬೆಳಕು ಹಿಡಿಯುವ ಶಕ್ತಿ ಕುಗ್ಗುತ್ತದೆ. ಬೆಳಕು ಅಳೆಯುವ ಮೀಟರ್ 1 ನಿಮಿಷ ಅಂದರೆ ಇಲ್ಫೋರ್ಡ್ ಕಂಪನಿಯ ಎಫ್‌ಪಿ4 ಫಿಲಂಗೆ ಸುಮಾರು 3 ನಿಮಿಷ ಕೊಡಬೇಕು. ಆಕ್ರೋಸ್‌ಗೆ 2 ನಿಮಿಷದವರೆಗೂ ಮೀಟರ್ ಹೇಳಿದಷ್ಟೇ ಸಾಕಿತ್ತು. ಕತ್ತಲಲ್ಲಿರುವ ಕಂಬದ ಕಡೆತದ ಗೆರೆಗಳನ್ನು ಅದು ಹಿಡಿಯುತ್ತಿದ್ದ ಬಗೆಯೇ ಬೇರೆ.

ಹೋದದ್ದು ಇದೊಂದೇ ಅಲ್ಲ. ಪೋಲರಾಯ್ಡ್ 2008ರಲ್ಲಿ ಇನ್‌ಸ್ಟಂಟ್ ಫಿಲಂ ನಿಲ್ಲಿಸಿತು. ಅದರ ಜೊತೆ ಟೈಪ್ 55 ಹೋಯಿತು. ಒಂದೇ ಹಾಳೆಯಲ್ಲಿ ಪಾಸಿಟಿವ್ ಮತ್ತು ನೆಗೆಟಿವ್ ಎರಡೂ ಸಿಗುತ್ತಿದ್ದ ಫಿಲಂ ಅದು. ಅದನ್ನು ಮತ್ತೆ ಮಾಡಲು ಅಮೆರಿಕದಲ್ಲಿ ನ್ಯೂ55 ಎಂಬ ಸಣ್ಣ ಕಂಪನಿ 2014ರಲ್ಲಿ ಜನರಿಂದ ಹಣ ಕೂಡಿಸಿ ಹೊರಟಿತು, 2017ರ ಕೊನೆಗೆ ಅದೂ ನಿಂತಿತು. ಹಾಳೆಯನ್ನು ಕವರಿನಲ್ಲೇ ಇಟ್ಟು ಮಾರುತ್ತಿದ್ದ ಫ್ಯೂಜಿ ಕ್ವಿಕ್‌ಲೋಡ್, ಕೊಡಕ್ ರೆಡಿಲೋಡ್ ಈಗಿಲ್ಲ.

ಮರಳಿ ಬಂದ ಉದಾಹರಣೆಯೂ ಇದೆ. ಕೊಡಕ್ 2012ರಲ್ಲಿ ಸ್ಲೈಡ್ ಫಿಲಂಗಳನ್ನೆಲ್ಲ (ಸೀದಾ ಪಾಸಿಟಿವ್ ಚಿತ್ರ ಬರುವವು) ನಿಲ್ಲಿಸಿತ್ತು. ಅದೇ ಬಗೆಯ ಎಕ್ಟಾಕ್ರೋಮ್ ಇ100 2018ರಲ್ಲಿ 35 ಎಂಎಂನಲ್ಲಿ ಬಂತು, 2019ರ ಕೊನೆಗೆ 4×5ರಲ್ಲೂ ಬರುತ್ತದೆಂದು ಘೋಷಿಸಿದರು. ಆದರೆ ಬೆಲೆ ನೋಡಿದ್ದೀರಲ್ಲ. ಒಂದು ಹಾಳೆ ತೆಗೆದು ತೊಳೆಸುವ ಖರ್ಚಿನಲ್ಲಿ ಇಬ್ಬರು ಹೋಟೆಲಿನಲ್ಲಿ ಹೊಟ್ಟೆ ತುಂಬ ಊಟ ಮಾಡಬಹುದು.

ನಾನು ಹೇಳಬೇಕೆಂದಿರುವುದು ಇಷ್ಟು. ಹರಾಜಿನ ತಾಣಗಳಲ್ಲಿ ಅವಧಿ ಮೀರಿದ ಡಬ್ಬಿಗಳನ್ನು ಗುಡ್ಡೆ ಹಾಕಿಕೊಂಡರೆ ಫಿಲಂ ಉಳಿಯುವುದಿಲ್ಲ. ಆ ಹಣ ಫಿಲಂ ತಯಾರಿಸುವವರಿಗೆ ತಲುಪುವುದೇ ಇಲ್ಲ. ವರ್ಷಕ್ಕೆ ಒಂದೇ ಡಬ್ಬಿ ಆದರೂ ಸರಿ, ಈಗ ತಯಾರಾಗುತ್ತಿರುವ ಹೊಸ ಫಿಲಂ ಕೊಳ್ಳಿ. ಒಟ್ಟಿಗೆ ಆರ್ಡರ್ ಮಾಡೋಣ್ವಾ?

ಹೊಸಬ, ಹಾಸನ

ಸರ್, ನಾನು ಈಗಷ್ಟೇ 4×5 ಕಲಿಯುತ್ತಿದ್ದೇನೆ. ಒಂದು ಅನುಮಾನ. ರೋಲ್‌ಗೂ ಶೀಟ್‌ಗೂ ಒಳಗಿನ ಮಸಾಲೆ ಒಂದೇ ಅಲ್ವಾ? ರೋಲ್ ಮಾಡುವವರಿಗೆ ಅದನ್ನೇ ಹಾಳೆಯಾಗಿ ಕತ್ತರಿಸಿ ಕೊಡುವುದಕ್ಕೆ ಏನು ಕಷ್ಟ?

ದೂರದೂರಿನವ, ರೋಚೆಸ್ಟರ್

ತಮ್ಮಾ, ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ನಾನಿರುವುದು ಕೊಡಕ್ ಊರಿನಲ್ಲೇ. ಫ್ಯಾಕ್ಟರಿಯಲ್ಲಿ ಕೆಲಸಕ್ಕಿಲ್ಲ, ಆದರೆ ಈ ವಿಷಯ ಹತ್ತಿರದಿಂದ ಗಮನಿಸುತ್ತಾ ಬಂದಿದ್ದೇನೆ.

ಎಮಲ್ಷನ್, ಅಂದರೆ ನೀನು ಹೇಳಿದ ಮಸಾಲೆ, ಹೆಚ್ಚುಕಡಿಮೆ ಒಂದೇ ಇರಬಹುದು. ಅದನ್ನು ಹಚ್ಚುವ ತಳ ಬೇರೆ. 35 ಎಂಎಂ ಫಿಲಂ ಸಾಮಾನ್ಯವಾಗಿ ಅಸಿಟೇಟ್ ಎಂಬ ಪ್ಲಾಸ್ಟಿಕ್ ಮೇಲೆ ಇರುತ್ತದೆ, ದಪ್ಪ ಸುಮಾರು 0.13 ಮಿಲಿಮೀಟರ್. ಅದರಲ್ಲೇ 4×5 ಹಾಳೆ ಕತ್ತರಿಸಿದರೆ ಹಾಳೆ ಕೂರಿಸುವ ಹೋಲ್ಡರ್ ಒಳಗೆ ಬಾಗುತ್ತದೆ, ಫೋಕಸ್ ಕೆಡುತ್ತದೆ. ಶೀಟ್ ಫಿಲಂಗೆ ಸುಮಾರು 0.18 ಮಿಲಿಮೀಟರ್‌ನ ಗಟ್ಟಿ ಪಾಲಿಯೆಸ್ಟರ್ ಬೇಕು. ಅಂದರೆ ಶೀಟ್‌ಗಾಗಿಯೇ ಬೇರೆ ತಳ ತರಿಸಿ, ಮಷೀನ್ ಬೇರೆಯಾಗಿ ಹೊಂದಿಸಿ, ಬೇರೆಯಾಗಿ ಓಡಿಸಬೇಕು.

ಈಗ ಒಂದು ಲೆಕ್ಕ. ಫಿಲಂ ಹಚ್ಚುವುದು ಒಂದು ಮೀಟರಿಗಿಂತ ಅಗಲದ, ಬಹಳ ಉದ್ದದ ಸುರುಳಿಯ ಮೇಲೆ. ಅಗಲ 1.3 ಮೀಟರ್, ಉದ್ದ ಬರೀ 1000 ಮೀಟರ್ ಎಂದೇ ಇಟ್ಟುಕೊಳ್ಳಿ. ಅದರಿಂದ 4×5 ಹಾಳೆ ಎಷ್ಟು ಬರುತ್ತದೆ? ಸುಮಾರು 1 ಲಕ್ಷ! ಒಂದು ಸಲ ಮಷೀನ್ ಓಡಿಸಿದರೆ ಇಷ್ಟು. ಇಷ್ಟನ್ನೂ ಅವಧಿ ಮುಗಿಯುವುದರೊಳಗೆ ಮಾರಬೇಕು. ಜಗತ್ತಿನಲ್ಲಿ ಆ ಒಂದು ಫಿಲಂಗೆ, ಆ ಒಂದು ಅಳತೆಗೆ ಅಷ್ಟು ಗಿರಾಕಿ ಇಲ್ಲ ಅಂದಾಗ ಕಂಪನಿ ಕೈಬಿಡುತ್ತದೆ. ಕಡಿಮೆ ಮಾಡು ಅಂದರೆ ಮಾಡುವುದಕ್ಕಾಗುವುದಿಲ್ಲ. ಆ ಮಷೀನುಗಳನ್ನು ಕಟ್ಟಿದ್ದೇ ಊರಿಗೆಲ್ಲ ಫಿಲಂ ಬೇಕಿದ್ದ ಕಾಲದಲ್ಲಿ.

ಆಮೇಲೆ ಕತ್ತರಿಸುವುದು, ಮೂಲೆಯಲ್ಲಿ ಗುರುತಿನ ಕಚ್ಚು ಹಾಕುವುದು, ಪ್ಯಾಕ್ ಮಾಡುವುದು. ಎಲ್ಲ ಕತ್ತಲೆಯಲ್ಲಿ. ಆ ಕತ್ತರಿಸುವ ಮಷೀನ್ ಕೆಟ್ಟರೆ ಹೊಸದು ಯಾರು ಮಾಡಿಕೊಡುತ್ತಾರೆ?

ಕೊಡಕ್ ಬಗ್ಗೆ ಒಂದು ಮಾತು. 2012ರಲ್ಲಿ ಅದು ದಿವಾಳಿ ರಕ್ಷಣೆ ಕೇಳಿತು. 2013ರಲ್ಲಿ ಫೋಟೋ ಫಿಲಂ ಮಾರುವ ಹಕ್ಕು ಕೊಡಕ್ ಅಲಾರಿಸ್ ಎಂಬ ಬೇರೆ ಕಂಪನಿಗೆ ಹೋಯಿತು, ತಯಾರಿಕೆ ಮಾತ್ರ ಇಲ್ಲೇ ಉಳಿಯಿತು. ಆ ದಿನಗಳಲ್ಲಿ ಹಚ್ಚುವ ಮಷೀನ್ ನಿಲ್ಲದೆ ಓಡಿದ್ದಕ್ಕೆ ದೊಡ್ಡ ಕಾರಣ ಸಿನಿಮಾ. ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಇಷ್ಟು ಫಿಲಂ ಕೊಂಡೇ ಕೊಳ್ಳುತ್ತೇವೆ ಎಂದು ಒಪ್ಪಂದ ಮಾಡಿಕೊಂಡವು. 2024ರ ನವೆಂಬರ್‌ನಲ್ಲಿ ಫ್ಯಾಕ್ಟರಿಯನ್ನು ಕೆಲವು ವಾರ ನಿಲ್ಲಿಸಿ ಮಷೀನುಗಳನ್ನು ಸುಧಾರಿಸಿದರು. ಒಳ್ಳೆಯ ಸುದ್ದಿ, ಆದರೆ ಅದು ರೋಲ್‌ಗೆ ಬೇಡಿಕೆ ಹೆಚ್ಚಿದ್ದಕ್ಕೆ. ನಮ್ಮ ಹಾಳೆಗಳು ಆ ಬಲದ ಮೇಲೆ ನಿಂತಿವೆ.

ಇಂದುನಗರದ ಮೊಮ್ಮಗ, ಗುಂಡ್ಲುಪೇಟೆ

ಇದನ್ನು ಓದಿ ಸುಮ್ನಿರಲಾಗಲಿಲ್ಲ. ನಮ್ಮ ತಾತ ಊಟಿಯ ಇಂದುನಗರದಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್‌ನಲ್ಲಿ ಕೆಲಸ ಮಾಡಿದವರು. ಬಂಡೀಪುರ ದಾಟಿ ಬೆಟ್ಟ ಹತ್ತಿದರೆ ಸಿಗುತ್ತಿದ್ದ ಆ ಫ್ಯಾಕ್ಟರಿಯಲ್ಲಿ ನಮ್ಮದೇ ದೇಶದ ಫಿಲಂ ತಯಾರಾಗುತ್ತಿತ್ತು ಅನ್ನುವುದು ಈಗಿನ ಎಷ್ಟೋ ಫೋಟೋಗ್ರಾಫರುಗಳಿಗೆ ಗೊತ್ತೇ ಇಲ್ಲ. 1960ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಂಪನಿ. ಉತ್ಪಾದನೆ ಆರಂಭವಾದದ್ದು 1967ರಲ್ಲಿ. ತಂತ್ರಜ್ಞಾನ ಫ್ರಾನ್ಸಿನ ಬೋಷೆ ಕಂಪನಿಯದು. "ಇಂದು" ಹೆಸರಿನಲ್ಲಿ ಬ್ರೋಮೈಡ್ ಪೇಪರ್, ಎಕ್ಸ್‌ರೇ ಫಿಲಂ, ಸಿನಿಮಾ ಫಿಲಂ, ರೋಲ್ ಎಲ್ಲ ಬರುತ್ತಿತ್ತು. ಕರ್ನಾಟಕದ ಎಷ್ಟೋ ಸ್ಟುಡಿಯೋಗಳ ಪಾಸ್‌ಪೋರ್ಟ್ ಫೋಟೋ "ಇಂದು" ಪೇಪರಿನ ಮೇಲೇ ಬಂದಿವೆ.

1991ರ ನಂತರ ಹೊರಗಿನ ಮಾಲಿನ ಮೇಲಿನ ಸುಂಕ ಇಳಿಯಿತು. ಪಾಲಿಯೆಸ್ಟರ್ ಎಕ್ಸ್‌ರೇ ಘಟಕಕ್ಕೆ ಮಾಡಿದ ಸಾಲ ತಲೆ ಮೇಲಿತ್ತು. ತೊಂಬತ್ತರ ದಶಕದ ಮಧ್ಯದಲ್ಲೇ ರೋಗಗ್ರಸ್ತ ಕಂಪನಿ ಅನ್ನಿಸಿಕೊಂಡಿತು. ಆಮೇಲೆ ಡಿಜಿಟಲ್ ಬಂತು. ನೌಕರರಿಗೆ ಸ್ವಯಂ ನಿವೃತ್ತಿ ಕೊಟ್ಟು ಕೊನೆಗೆ ಬಾಗಿಲು ಹಾಕಿದರು.

ನನಗೆ ಇದರಲ್ಲಿ ದೊಡ್ಡ ನಷ್ಟ ಅನ್ನಿಸುವುದು ಕಟ್ಟಡವಲ್ಲ. ಕತ್ತಲೆಯಲ್ಲಿ ಕೈ ಮುಟ್ಟಿಯೇ ಫಿಲಂ ಗುಣ ಹೇಳುತ್ತಿದ್ದ ಜನ ಚದುರಿಹೋದರು. ಜೆಲಟಿನ್ ಎಷ್ಟು ಬಿಸಿ ಇರಬೇಕು, ಬೆಳ್ಳಿಯ ಉಪ್ಪು ಯಾವ ವೇಗದಲ್ಲಿ ಬೆರೆಯಬೇಕು ಅನ್ನುವುದು ಅವರ ಕೈಯಲ್ಲಿತ್ತು. ಯುರೋಪಿನಲ್ಲಿ ಹಾಗಾಗದ ಕಡೆ ಫಿಲಂ ಉಳಿದಿದೆ ನೋಡಿ. ಇಲ್ಫೋರ್ಡ್ 2004ರಲ್ಲಿ ಮುಳುಗುವ ಹಂತಕ್ಕೆ ಬಂದಾಗ ಅಲ್ಲಿಯ ವ್ಯವಸ್ಥಾಪಕರೇ ಸೇರಿ ಕಂಪನಿ ಕೊಂಡುಕೊಂಡು 2005ರಲ್ಲಿ ಹಾರ್ಮನ್ ಟೆಕ್ನಾಲಜಿ ಎಂದು ಶುರು ಮಾಡಿದರು. ಇಂಗ್ಲೆಂಡಿನ ಮಾಬರ್ಲಿಯಲ್ಲಿ ಇಂದಿಗೂ ಫಿಲಂ ಹಚ್ಚುತ್ತಿದ್ದಾರೆ. ಕಲಿತ ಕೈಗಳು ಅಲ್ಲೇ ಉಳಿದವು.

ಸ್ಟುಡಿಯೋ ಮಗಳು, ದಾವಣಗೆರೆ

ನಮ್ಮಪ್ಪ ಸ್ಟುಡಿಯೋ ನಡೆಸುತ್ತಿದ್ದರು. ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಇನ್ನೂ ನಮ್ಮ ಮನೆಯಲ್ಲಿದೆ. ತೇಗದ ಮರ, ಹಿತ್ತಾಳೆ ತಿರುಪು, ಲೆನ್ಸಿನ ಹಿಂದಿನ ಮಡಿಕೆ ಚೀಲ (ಬೆಲ್ಲೋಸ್) ಇನ್ನೂ ಗಟ್ಟಿ. ಶಾಲೆಯ ಗ್ರೂಪ್ ಫೋಟೋಗಳೆಲ್ಲ ಇದರಲ್ಲೇ. ನೆಗೆಟಿವ್ ದೊಡ್ಡದಿದ್ದರಿಂದ ಅದರ ಮೇಲೆ ಮೊನಚಾದ ಪೆನ್ಸಿಲ್‌ನಿಂದ ರೀಟಚಿಂಗ್ ಮಾಡುತ್ತಿದ್ದರು. ಮೊಡವೆ ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲ ಕೈಯಲ್ಲೇ. 35 ಎಂಎಂನಲ್ಲಿ ಅದು ಸಾಧ್ಯವೇ ಇಲ್ಲ.

ಆದರೆ ಇದು ಹಾಫ್ ಪ್ಲೇಟ್ ಅಳತೆ, ಅಂದರೆ 4¾×6½ ಇಂಚು. ಅಂಗಡಿಯಲ್ಲಿ ಆ ಅಳತೆ ಕೇಳಿದರೆ ಮುಖ ನೋಡುತ್ತಾರೆ. 4×5ನವರಿಗೆ ಫಿಲಂ ಕಡಿಮೆಯಾಗುತ್ತಿದೆ, ನಮ್ಮಂಥವರಿಗೆ ಅಳತೆಯೇ ಹೋಗಿಬಿಟ್ಟಿದೆ. ಇದಕ್ಕೇನಾದರೂ ದಾರಿ ಇದೆಯಾ?

ನೆರಳುಬೆಳಕು, ಮೈಸೂರು

ಇದೆ ಅಕ್ಕ, ಎರಡು ದಾರಿ. 5×7 ಹಾಳೆಯಿಂದ ಹಾಫ್ ಪ್ಲೇಟ್ ಕತ್ತರಿಸಬಹುದು. ಫುಲ್ ಪ್ಲೇಟ್ ಇರುವವರು 8×10ರಿಂದ 6½×8½ ತೆಗೆಯಬಹುದು. ಪೂರ್ತಿ ಕತ್ತಲೆಯಲ್ಲಿ ಮಾಡಬೇಕಾದ ಕೆಲಸ. ಕಟರ್‌ಗೆ ಮರದ ಪಟ್ಟಿ ಅಂಟಿಸಿಕೊಂಡರೆ ಅಳತೆ ತಪ್ಪುವುದಿಲ್ಲ. ಹೋಲ್ಡರ್ ಒಳಗೆ ಸಲೀಸಾಗಿ ಜಾರಬೇಕು, ಅದಕ್ಕೆ ಹೇಳಿದ ಅಳತೆಗಿಂತ ಒಂದೂವರೆ ಮಿಲಿಮೀಟರಿನಷ್ಟು ಕಡಿಮೆಯೇ ಇರಲಿ. ಕಂಪನಿಯ 4×5 ಹಾಳೆ ಕೂಡ ನಿಜವಾಗಿ 4×5 ಇಂಚಿಗಿಂತ ಸ್ವಲ್ಪ ಚಿಕ್ಕದೇ.

ಇನ್ನೊಂದು ದಾರಿ ಇಲ್ಫೋರ್ಡ್‌ನ ವಾರ್ಷಿಕ ಆರ್ಡರ್. ಈಗ ಅಂಗಡಿಯಲ್ಲಿ ಸಿಗದ ಅಳತೆಗಳಿಗೆ, ಅಂದರೆ ಫುಲ್ ಪ್ಲೇಟ್, 7×17, 11×14 ಇಂಥವಕ್ಕೆ, ವರ್ಷಕ್ಕೊಮ್ಮೆ ಡೀಲರುಗಳ ಮೂಲಕ ಬೇಡಿಕೆ ಕೂಡಿಸಿಕೊಂಡು ಕತ್ತರಿಸಿ ಕೊಡುತ್ತಾರೆ. ಈ ಕಾಲದಲ್ಲಿ ಇಂಥದ್ದನ್ನು ನಡೆಸಿಕೊಂಡು ಬರುತ್ತಿರುವ ಕಂಪನಿಗೆ ನಾವು ಗಿರಾಕಿಗಳಾಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆಂಪುದೀಪ, ಶಿವಮೊಗ್ಗ

ಕಲಿಯುವವರಿಗೆ ಎಕ್ಸ್‌ರೇ ಫಿಲಂ ಬಗ್ಗೆ ಯಾರೂ ಹೇಳಲಿಲ್ಲ. ಬೆಲೆ ಶೀಟ್ ಫಿಲಂನ ಹತ್ತಿರಕ್ಕೂ ಬರುವುದಿಲ್ಲ, ಅಷ್ಟು ಕಡಿಮೆ. 8×10 ಇಂಚಿನ ಒಂದು ಹಾಳೆಯಲ್ಲಿ ನಾಲ್ಕು 4×5 ಬರುತ್ತದೆ. ಹಸಿರು ಬೆಳಕಿಗೆ ಸ್ಪಂದಿಸುವ ಬಗೆಯನ್ನೇ ಕೇಳಿ ತನ್ನಿ. ಕೆಂಪು ಬೆಳಕು ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಮಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ಕತ್ತರಿಸಬಹುದು, ತೊಳೆಯಬಹುದು. ಬೆಳಕಿಗೆ ಸ್ಪಂದಿಸುವ ವೇಗ ಐಎಸ್ಒ 80 ಎಂದು ಲೆಕ್ಕ ಹಿಡಿದು ಶುರು ಮಾಡಿ.

ಎಚ್ಚರ ಬೇಕಾದದ್ದು ಗೀರು. ಎರಡೂ ಕಡೆ ಎಮಲ್ಷನ್ ಇರುತ್ತದೆ, ಒದ್ದೆಯಾದಾಗ ಉಗುರು ತಾಗಿದರೂ ಸಾಕು. ಟ್ರೇ ತಳಕ್ಕೆ ಗಾಜು ಹಾಕಿ, ಒಂದು ಸಲಕ್ಕೆ ಒಂದೇ ಹಾಳೆ ತೊಳೆಯಿರಿ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ತೆಳು ಇರಲಿ, ಇಲ್ಲದಿದ್ದರೆ ಕಾಂಟ್ರಾಸ್ಟ್ ಕೈಮೀರುತ್ತದೆ.

ಇನ್ನೊಂದು ಮಾತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ನೀಲಿ ಹಾಳೆ ಥರ್ಮಲ್ ಪ್ರಿಂಟರ್‌ನದು. ಅದಕ್ಕೆ ಬೆಳಕು ಗೊತ್ತೇ ಆಗುವುದಿಲ್ಲ. ಕೆಮಿಕಲ್‌ನಲ್ಲಿ ತೊಳೆಯುವ ಹಳೆಯ ಬಗೆಯದೇ ಬೇಕು. ಸಣ್ಣ ಊರಿನ ಕ್ಲಿನಿಕ್‌ಗಳಿಗೆ ಸರಬರಾಜು ಮಾಡುವವರ ಹತ್ತಿರ ವಿಚಾರಿಸಿ. ಅವರೂ ಡಿಜಿಟಲ್‌ಗೆ ಹೋಗುತ್ತಿದ್ದಾರೆ, ಇದೂ ಬಹಳ ಕಾಲ ಇರುವುದಿಲ್ಲ.

ಮುಖ ತೆಗೆದರೆ ಬಣ್ಣ ಗಾಢವಾಗಿ ಬರುತ್ತದೆ, ತುಟಿ ಕಪ್ಪಾಗುತ್ತದೆ, ಆಕಾಶ ಬೆಳ್ಳಗಾಗುತ್ತದೆ. ವಯಸ್ಸಾದವರ ಮುಖದ ಗೆರೆಗಳು ಇದರಲ್ಲಿ ಬಂದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ನಾನು ನೋಡಿಲ್ಲ.

ಗದಗ ಪ್ರೆಸ್

ನಮಸ್ಕಾರ ರೀ ಎಲ್ಲರಿಗೂ. ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಪ್ರೋಸೆಸ್ ಕ್ಯಾಮೆರಾ ನಡೆಸಿದವನು. ಕೋಣೆಯಷ್ಟು ದೊಡ್ಡ ಕ್ಯಾಮೆರಾ, ಅದಕ್ಕೆ ಲಿಥೋ ಫಿಲಂ. ಆಫ್‌ಸೆಟ್ ಪ್ಲೇಟ್ ಮಾಡುವುದಕ್ಕೆ ಅದೇ ಬೇಕಿತ್ತು. ಕಂಪ್ಯೂಟರಿನಿಂದ ಸೀದಾ ಪ್ಲೇಟ್‌ಗೆ ಹೋಗುವ ಮಷೀನ್ ಬಂದ ಮೇಲೆ ಎಲ್ಲ ಕಡೆ ಅದು ಮೂಲೆ ಸೇರಿತು. ದೊಡ್ಡ ಅಳತೆಯ ಫಿಲಂ ಕಡಿಮೆಯಾದದ್ದಕ್ಕೆ ಇದೂ ಕಾರಣ ಅಂತ ನನ್ನ ತಿಳುವಳಿಕೆ. ಪ್ರೆಸ್, ಆಸ್ಪತ್ರೆ, ಜಾಹೀರಾತು ಸ್ಟುಡಿಯೋ, ಈ ಮೂರೂ ಕೊಳ್ಳುತ್ತಿದ್ದವು. ಮೂರೂ ಬಿಟ್ಟವು. ಉಳಿದದ್ದು ಹವ್ಯಾಸಿಗಳು.

ಮೈಸೂರಿನವರ ಒಂದು ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಹಳೆಯ ಡಬ್ಬಿ ಕೊಳ್ಳಬೇಡಿ ಅಂದರೆ ಹೇಗೆ? ತಣ್ಣಗೆ ಇಟ್ಟ ಕಪ್ಪು-ಬಿಳುಪು ಫಿಲಂ ಅವಧಿ ಮುಗಿದ ಮೇಲೂ ಎಷ್ಟೋ ವರ್ಷ ನಡೆಯುತ್ತದೆ. ಸ್ವಲ್ಪ ಮಂಜು ಬರುತ್ತದೆ ಅಷ್ಟೇ. ಬಡ ಹುಡುಗನಿಗೆ ಅದು ಸಿಕ್ಕರೆ ಬಿಡಬೇಕಾ? ಕಲರ್ ಮಾತ್ರ ಹಳೆಯದು ಬೇಡ, ಬಣ್ಣ ತಿರುಗುತ್ತದೆ.

ಡೆವಲಪರ್ ಸಿಗುವುದಿಲ್ಲ ಅಂತ ಯಾರೂ ನಿಲ್ಲಬೇಡಿ. ಡಿ-76 ಎಂಬ ಡೆವಲಪರ್ ಮನೆಯಲ್ಲೇ ಆಗುತ್ತದೆ. ಸಾಮಾನು ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. 52 ಡಿಗ್ರಿ ಬಿಸಿಯ 750 ಮಿಲಿ ನೀರು. ಮೊದಲು ಚಿಟಿಕೆ ಸೋಡಿಯಂ ಸಲ್ಫೈಟ್ ಹಾಕಿ, ಆಮೇಲೆ ಮೆಟೋಲ್ 2 ಗ್ರಾಂ. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಒಟ್ಟು 100 ಗ್ರಾಂ. ನಂತರ ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ತಣ್ಣೀರು ಸೇರಿಸಿ 1 ಲೀಟರ್ ಮಾಡಿ. ಸಲ್ಫೈಟ್ ಎಲ್ಲ ಮೊದಲೇ ಸುರಿದರೆ ಮೆಟೋಲ್ ಕರಗುವುದಿಲ್ಲ. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರು ತೆಗೆದುಕೊಳ್ಳಿ. ಕೈಗೆ ಗ್ಲೌಸ್ ಹಾಕಿ, ಮೆಟೋಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಹೊಸಬ, ಹಾಸನ

ಗದಗದ ಸರ್, ಇದನ್ನು ಬರೆದು ಗೋಡೆಗೆ ಅಂಟಿಸಿಕೊಂಡೆ. ತುಂಬ ಥ್ಯಾಂಕ್ಸ್.

ಪಿಕ್ಸೆಲ್, ಬೆಂಗಳೂರು

ಗೌರವದಿಂದಲೇ ಕೇಳುತ್ತೇನೆ. ಇಷ್ಟು ಕಷ್ಟಪಟ್ಟು ಇದನ್ನು ಉಳಿಸಬೇಕಾ? ಒಳ್ಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ಇದೇ ಫೋಟೋ ಬರುತ್ತದಲ್ಲ.

ಸ್ಟುಡಿಯೋ ಮಗಳು, ದಾವಣಗೆರೆ

ಬೆಂಗಳೂರಿನವರಿಗೆ: ನಮ್ಮಪ್ಪನ ನೆಗೆಟಿವ್‌ಗಳು ಟ್ರಂಕಿನಲ್ಲಿವೆ. ಕಿಟಕಿಗೆ ಹಿಡಿದರೆ ಯಾರ ಮದುವೆ, ಯಾವ ಶಾಲೆ ಅಂತ ಈಗಲೂ ಕಾಣುತ್ತದೆ. ಆದರೆ 2005ರ ಸುಮಾರಿಗೆ ಸ್ಟುಡಿಯೋ ಡಿಜಿಟಲ್‌ಗೆ ಬಂದ ಮೇಲೆ ಸಿಡಿಗೆ ಹಾಕಿಟ್ಟ ಮದುವೆ ಫೋಟೋಗಳಲ್ಲಿ ಬಹಳಷ್ಟು ಈಗ ತೆರೆಯುವುದೇ ಇಲ್ಲ. ಇಂದಿಗೂ ಜನ ಬಂದು ತಾತನ ಫೋಟೋ ಇದೆಯಾ ಅಂತ ಕೇಳುತ್ತಾರೆ. ನಾನು ಹುಡುಕಿ ಕೊಡಲಾಗುವುದು ಫಿಲಂನಲ್ಲಿರುವುದನ್ನೇ.

ದೂರದೂರಿನವ, ರೋಚೆಸ್ಟರ್

ಜೊತೆಗೆ ಇದನ್ನೂ ನೋಡಿ. 4×5 ಹಾಳೆ 35 ಎಂಎಂ ಫ್ರೇಮಿಗಿಂತ ಸುಮಾರು 15 ಪಟ್ಟು ದೊಡ್ಡದು. ಲೆನ್ಸನ್ನು ಓರೆ ಮಾಡಿ, ಮೇಲೆತ್ತಿ, ಗೋಪುರದ ಗೆರೆಗಳನ್ನು ತೆಗೆಯುವಾಗಲೇ ನೇರ ಮಾಡಬಹುದು. ಡಿಜಿಟಲ್ ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಇದು ಬೇರೆ ಕೆಲಸ, ಇದಕ್ಕೂ ಜಾಗ ಇರಲಿ.

ನೆರಳುಬೆಳಕು, ಮೈಸೂರು

ಗದಗದ ಹಿರಿಯರ ಮಾತಿಗೆ ಉತ್ತರ. ಕೈಗೆ ಸಿಕ್ಕ ಹಳೆಯ ಡಬ್ಬಿ ಬಳಸಿ, ಅದಕ್ಕೆ ನನ್ನ ತಕರಾರಿಲ್ಲ. ಎಕ್ಸ್‌ರೇ ಫಿಲಂನಲ್ಲಿ ಕಲಿಯಿರಿ, ಅದೂ ಸರಿ. ನಾನು ಹೇಳುವುದು ಹೊಸ ಫಿಲಂ ಕೊಳ್ಳುವ ಶಕ್ತಿ ಇರುವವರಿಗೆ. ಹೊಸ ಡಬ್ಬಿಗಿಂತ ಹೆಚ್ಚು ದುಡ್ಡು ಕೊಟ್ಟು ನಿಂತುಹೋದ ಫಿಲಂ ಹುಡುಕಿ ತರಿಸಿ ಫ್ರೀಜರ್ ತುಂಬುವವರು ನಮ್ಮಲ್ಲೇ ಇದ್ದಾರೆ. ಅದೇ ದುಡ್ಡು ಮಾಬರ್ಲಿಗೋ, ಜೆಕ್ ದೇಶದ ಫೋಮಾಗೋ ಹೋದರೆ ಮುಂದಿನ ವರ್ಷವೂ ಮಷೀನ್ ಓಡುತ್ತದೆ. ಫೋಮಾ 1921ರಿಂದ ಇರುವ ಕಂಪನಿ, ಇವತ್ತಿಗೂ ಶೀಟ್ ಫಿಲಂ ಮಾಡುತ್ತಿದೆ, ಬೆಲೆಯೂ ಕೈಗೆಟಕುವಂಥದ್ದು. 1 ಲಕ್ಷ ಹಾಳೆಯ ಲೆಕ್ಕ ಓದಿದಿರಲ್ಲ, ಅದರಲ್ಲಿ ನಮ್ಮ ಪಾಲು ಸಣ್ಣದೇ. ಆದರೆ ಪ್ರತಿ ಊರಿನವರೂ ನಮ್ಮದು ಸಣ್ಣದು ಅಂತ ಬಿಟ್ಟರೆ ಆರ್ಡರ್ ಪುಸ್ತಕದಲ್ಲಿ ಏನೂ ಉಳಿಯುವುದಿಲ್ಲ.

ಈಗ ಆರ್ಡರ್ ವಿಷಯ. ಇಲ್ಫೋರ್ಡ್ ಎಫ್‌ಪಿ4 ಪ್ಲಸ್, 4×5, 25 ಹಾಳೆಯ ಡಬ್ಬಿ. ಹಾಫ್ ಪ್ಲೇಟ್‌ನವರಿಗೆ ಅದೇ ಫಿಲಂ 5×7ರಲ್ಲಿ. ಕಡಿಮೆ ಬೆಲೆಗೆ ಬೇಕಾದವರಿಗೆ ಫೋಮಾಪಾನ್ 100, 50 ಹಾಳೆ. ಸಾಧ್ಯವಾದಷ್ಟು ಭಾರತದ ವಿತರಕರಿಂದಲೇ ತರಿಸೋಣ. ಹೊರಗಿನಿಂದ ಬರುವ ಪಾರ್ಸೆಲ್‌ನಲ್ಲಿ ಒಂದು ಅಪಾಯ ಇದೆ. ತಪಾಸಣೆ ಮಾಡುವವರು ಒಳಗಿನ ಕಪ್ಪು ಕವರ್ ಬಿಚ್ಚಿ ನೋಡಿದರೆ ಡಬ್ಬಿ ಪೂರ್ತಿ ಹಾಳು. ನನ್ನ ಪರಿಚಯದವರೊಬ್ಬರಿಗೆ ಹಾಗೆಯೇ ಆಗಿದೆ. ತರಿಸಲೇಬೇಕಾದರೆ ಡಬ್ಬಿಯ ಆರೂ ಮುಖಕ್ಕೆ "ಫೋಟೋ ಫಿಲಂ, ಬೆಳಕಿನಲ್ಲಿ ತೆರೆಯಬೇಡಿ" ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಂಟಿಸಲು ಮಾರುವವರಿಗೆ ಹೇಳಿ.

ಬಂದ ಮೇಲೆ ಫ್ರಿಜ್‌ನಲ್ಲಿಡಿ. ತೆಗೆದ ತಕ್ಷಣ ಡಬ್ಬಿ ಒಡೆಯಬೇಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಡಿ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಮರೆಯಲೇಬಾರದು. ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬೇಕಾದವರು ಫಿಲಂ, ಅಳತೆ, ಡಬ್ಬಿ ಎಷ್ಟು ಅಂತ ಕೆಳಗೆ ಬರೆಯಿರಿ.

ಸ್ಟುಡಿಯೋ ಮಗಳು, ದಾವಣಗೆರೆ

ಎಫ್‌ಪಿ4, 5×7, ಒಂದು ಡಬ್ಬಿ. ಕತ್ತರಿಸುವುದನ್ನು ಕಲಿಯುತ್ತೇನೆ.

ಹೊಸಬ, ಹಾಸನ

ಫೋಮಾಪಾನ್ 4×5, 50 ಹಾಳೆ ನನಗೊಬ್ಬನಿಗೆ ಜಾಸ್ತಿ. ಯಾರಾದರೂ ಅರ್ಧ ತೆಗೆದುಕೊಳ್ಳುತ್ತೀರಾ?

ಕೆಂಪುದೀಪ, ಶಿವಮೊಗ್ಗ

ಅರ್ಧ ನನಗಿರಲಿ ತಮ್ಮಾ. ಹಂಚುವುದು ನನ್ನ ಡಾರ್ಕ್ ರೂಂನಲ್ಲೇ ಆಗಲಿ, ನಿನಗೂ ಎಕ್ಸ್‌ರೇ ಫಿಲಂ ತೊಳೆಯುವುದು ತೋರಿಸುತ್ತೇನೆ. ಒಂದು ಭಾನುವಾರ ಬಾ.

ಗದಗ ಪ್ರೆಸ್

ನನ್ನದು ಎಫ್‌ಪಿ4, 4×5, ಎರಡು ಡಬ್ಬಿ ಬರೆದುಕೊಳ್ಳಿ. ಒಂದು ನನಗೆ. ಇನ್ನೊಂದು ಇಲ್ಲಿಯ ಆರ್ಟ್ ಸ್ಕೂಲ್ ಹುಡುಗರಿಗೆ ಕಲಿಸುವುದಕ್ಕೆ. ಕ್ಯಾಮೆರಾ ನಾನು ಕೊಡುತ್ತೇನೆ.

ನೆರಳುಬೆಳಕು, ಮೈಸೂರು

ಎಲ್ಲ ಬರೆದುಕೊಂಡೆ. ವಿತರಕರ ಹತ್ತಿರ ದರ ಕೇಳಿದ್ದೇನೆ, ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ಪಟ್ಟಿ ತಿಂಗಳ ಕೊನೆಯವರೆಗೂ ತೆರೆದಿರುತ್ತದೆ.